‘ತನ್ನ ಕಾಲ ಮೇಲೆ ತಾನು ನಿಲ್ಲುವುದು’: ಕರ್ನಾಟಕದ ದೈಹಿಕ ಅಂಗವಿಕಲ ಯುವಜನರ ಸ್ವತಂತ್ರ ಜೀವನದ ಇತಿಹಾಸ

1. ಪ್ರಸ್ತಾವನೆ

ಸ್ವಾವಲಂಬನೆ ಎಂಬ ಸಂಸ್ಕೃತ ಪದಕ್ಕೆ ಕನ್ನಡದ ಆಡುಮಾತಿನಲ್ಲಿ ಸಮಾನವಾಗಿ ಬಳಕೆಯಲ್ಲಿರುವ ನುಡಿಗಟ್ಟು ‘ತನ್ನ ಕಾಲ ಮೇಲೆ ತಾನು ನಿಲ್ಲುವುದು’. ಮಗನು ಓದು ಮುಗಿಸಿ ನೌಕರಿಗೆ ಸೇರಿದಾಗ, ಮಗಳು ಸಂಬಳ ತರತೊಡಗಿದಾಗ ಮನೆಯ ಹಿರಿಯರು ಸಮಾಧಾನದಿಂದ ಆಡುವ ಮಾತಿದು. ಈ ನುಡಿಗಟ್ಟಿನಲ್ಲಿ ಎರಡು ಸಂಗತಿಗಳು ಪ್ರಶ್ನೆಗೊಳಗಾಗದೆ ಅಡಗಿವೆ. ಮೊದಲನೆಯದು, ಪ್ರಾಯಕ್ಕೆ ಬಂದ ವ್ಯಕ್ತಿಗೆ ನಿಲ್ಲಬಲ್ಲ ಕಾಲುಗಳಿವೆ ಎಂಬುದು. ಎರಡನೆಯದು, ದುಡಿಮೆಯೊಂದು ದೊರೆತರೆ ಬದುಕಿನ ಉಳಿದೆಲ್ಲ ಸ್ವಾತಂತ್ರ್ಯವೂ ಅದರ ಹಿಂದೆಯೇ ಬರುತ್ತದೆ ಎಂಬುದು. ಕಾಲುಗಳು ನಡೆಯಲಾರದ, ಕೈಗಳು ತುತ್ತನ್ನು ಬಾಯಿಗೆ ತರಲಾರದ ತರುಣ ತರುಣಿಯರ ವಿಷಯದಲ್ಲಿ ಈ ಎರಡನೆಯ ನಂಬಿಕೆ ಎಷ್ಟರಮಟ್ಟಿಗೆ ನಿಜವಾಯಿತು ಎಂಬುದನ್ನು ಚರಿತ್ರೆಯ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಮಂಡಿಸುವ ವಿಚಾರ ಇಷ್ಟು: ಕರ್ನಾಟಕದಲ್ಲಿ ದೈಹಿಕ ಅಂಗವಿಕಲರ ಸ್ವಾವಲಂಬನೆಯ ಕಲ್ಪನೆಯನ್ನು ರೂಪಿಸಿದವರು ಪ್ರಧಾನವಾಗಿ ಪೋಲಿಯೋ ಪೀಡಿತರಾದ ಒಂದು ಪೀಳಿಗೆಯವರು. ಅವರಿಗೆ ಬೇಕಾಗಿದ್ದುದು ಶಿಕ್ಷಣ, ನೌಕರಿ ಮತ್ತು ವಾಹನ. ಹೋರಾಡಿ ಅವುಗಳನ್ನು ಪಡೆದರು. ಪೋಲಿಯೋ ರೋಗ ದೇಶದಿಂದ ಹೊರಟುಹೋಯಿತು; ಆದರೆ ಅದು ರೂಪಿಸಿದ ಸ್ವಾವಲಂಬನೆಯ ಅರ್ಥ ಮಾತ್ರ ನಮ್ಮ ಯೋಜನೆಗಳಲ್ಲಿಯೂ ಮಾತಿನಲ್ಲಿಯೂ ಉಳಿದುಕೊಂಡಿತು. ನಿತ್ಯದ ಕೆಲಸಗಳಿಗೆ ಇನ್ನೊಬ್ಬರ ಕೈಗಳನ್ನು ಅವಲಂಬಿಸಿದ ಇಂದಿನ ಯುವಜನರ ಪ್ರಶ್ನೆ ಇದಕ್ಕಿಂತ ಭಿನ್ನವಾದುದು. ಎಲ್ಲಿ ವಾಸಿಸಬೇಕು, ಯಾರ ಸಹಾಯದಿಂದ ವಾಸಿಸಬೇಕು, ಆ ಸಹಾಯ ಯಾರ ಇಚ್ಛೆಯಂತೆ ನಡೆಯಬೇಕು ಎಂಬುದೇ ಆ ಪ್ರಶ್ನೆ. ಈ ಬಗೆಯ ಜೀವನಕ್ರಮವನ್ನು ಮುಂದೆ ‘ಬೆಂಬಲಿತ ವಾಸ’ ಎಂದು ಕರೆಯಲಾಗಿದೆ. ‘ಅಂಗವಿಕಲ’ ಎಂಬ ಪದವನ್ನು ಆಯಾ ಕಾಲದ ಬಳಕೆಯನ್ನು ಅನುಸರಿಸಿ ಉಳಿಸಿಕೊಳ್ಳಲಾಗಿದೆ.

2. ಪದಗಳು ಹೇಳುವ ಚರಿತ್ರೆ

ನಡೆಯಲಾರದವನಿಗೆ ಕನ್ನಡದಲ್ಲಿರುವ ಹಳೆಯ ಪದ ‘ಹೆಳವ’. ಬಸವಣ್ಣನವರ ವಚನವೊಂದರಲ್ಲಿ ಹೆಳವುತನವು ಅಲೆಯುವ ಚಿತ್ತವನ್ನು ನಿಲ್ಲಿಸುವ ಸ್ಥಿತಿಗೆ ರೂಪಕವಾಗಿ ಬಂದಿರುವುದು ಪ್ರಸಿದ್ಧವಾಗಿದೆ. ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿಯನ್ನು ಹೇಳುತ್ತ ಊರೂರು ತಿರುಗುವ ಸಮುದಾಯವೊಂದರ ಹೆಸರೂ ಹೆಳವರು ಎಂದೇ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಇವರು ಊರಿಗೆ ಬರುತ್ತಿದ್ದುದನ್ನು 1909ರಲ್ಲಿ ಪ್ರಕಟವಾದ ತಮ್ಮ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಸಂಪುಟಗಳಲ್ಲಿ ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾರೆ. ಸಮುದಾಯದ ಎಲ್ಲರೂ ನಡೆಯಲಾರದವರಲ್ಲವಾದರೂ ಆ ಹೆಸರನ್ನೂ ಆ ವೇಷವನ್ನೂ ಅವರು ಹೊತ್ತು ತಂದದ್ದು ಗಮನಾರ್ಹ. ನಡೆಯಲಾರದವನಿಗೆ ಒಂದು ವಾಹನ, ಒಂದು ವಿದ್ಯೆ, ಮನೆಮನೆಯಲ್ಲಿ ಒಂದು ಪಾಲು ಇರಬಹುದೆಂಬ ಕಲ್ಪನೆ ಇದರಲ್ಲಿದೆ. ಇದರಿಂದ ಹಿಂದಿನ ಸಮಾಜವು ಅಂಗವಿಕಲರನ್ನು ಗೌರವದಿಂದ ಕಂಡಿತೆಂದು ತೀರ್ಮಾನಿಸಲಾಗದು. ಕುಂಟ, ಮೋಟ ಮುಂತಾದ ಪದಗಳು ಬೈಗುಳಗಳಾಗಿ ಇಂದಿಗೂ ಉಳಿದಿರುವುದು ಅದಕ್ಕೆ ಸಾಕ್ಷಿ.

ಇನ್ನೊಂದು ಪರಂಪರಾಗತ ಚಿತ್ರ ಅಂಧಪಂಗು ನ್ಯಾಯದ್ದು. ಸಾಂಖ್ಯ ದರ್ಶನವು ಪ್ರಕೃತಿ ಪುರುಷರ ಸಂಬಂಧವನ್ನು ವಿವರಿಸಲು ಬಳಸಿದ ಈ ದೃಷ್ಟಾಂತ ಕನ್ನಡದಲ್ಲಿ ಕುರುಡ ಕುಂಟರ ಕಥೆಯಾಗಿ ಮಕ್ಕಳಿಗೂ ತಿಳಿದಿದೆ. ಕುರುಡನ ಹೆಗಲ ಮೇಲೆ ಕುಂಟನು ಕುಳಿತು ದಾರಿ ತೋರುತ್ತಾನೆ; ಇಬ್ಬರೂ ಊರು ಸೇರುತ್ತಾರೆ. ಸಾಮಾನ್ಯವಾಗಿ ಇದನ್ನು ಪರಸ್ಪರ ಸಹಕಾರದ ನೀತಿಕಥೆಯಾಗಿ ಹೇಳಲಾಗುತ್ತದೆ. ಆದರೆ ಕಥೆಯಲ್ಲಿ ದಾರಿಯನ್ನು ನಿರ್ಧರಿಸುವವನು ನಡೆಯಲಾರದವನೇ ಎಂಬ ಅಂಶವನ್ನು ಇಲ್ಲಿ ಗುರುತಿಸಿಟ್ಟುಕೊಳ್ಳಬೇಕು.

ಆಡಳಿತದ ಕನ್ನಡದಲ್ಲಿ ಮೊದಲು ನೆಲೆಗೊಂಡ ಪದ ‘ಅಂಗವಿಕಲ’. ಅನಂತರ ‘ವಿಕಲಚೇತನ’ ಎಂಬುದು ಬಂದಿತು. ರಾಜ್ಯ ಸರ್ಕಾರದ ಇಲಾಖೆಯ ಹೆಸರಿನಲ್ಲಿರುವುದೂ ಇದೇ. 2015ರ ಕೊನೆಯಲ್ಲಿ ಪ್ರಧಾನಮಂತ್ರಿಗಳು ಸೂಚಿಸಿದ ‘ದಿವ್ಯಾಂಗ’ ಹಿಂದಿಯಿಂದ ಕನ್ನಡಕ್ಕೂ ಹರಿದು ಬಂದಿತು. ‘ವಿಕಲಚೇತನ’ ಎಂದರೆ ಚೇತನವೇ ಊನಗೊಂಡವರು ಎಂಬ ಅರ್ಥ ಬರುತ್ತದೆಂದೂ, ‘ದಿವ್ಯಾಂಗ’ ಎಂಬುದು ನಿಜವಾದ ಕಷ್ಟವನ್ನು ಮರೆಸುತ್ತದೆಂದೂ ಆಕ್ಷೇಪಗಳಿವೆ. ಹೆಸರು ಮೂರು ಬಾರಿ ಬದಲಾದರೂ ಸ್ವಾವಲಂಬನೆಯ ಅರ್ಥ ಬದಲಾಗಲಿಲ್ಲವೆಂಬುದು ನಮ್ಮ ಚರ್ಚೆಗೆ ಮುಖ್ಯ.

3. ಪೋಲಿಯೋ ಪೀಳಿಗೆ: ಮನೆಯಿಂದ ಹೊರಗೆ

ಪೋಲಿಯೋ ತಡೆಯುವ ಸಾಲ್ಕ್ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದುದು 1955ರಲ್ಲಿ. ಭಾರತದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮದೊಳಗೆ ಬಾಯಿಯ ಹನಿಗಳು ಸೇರಿದ್ದು ಎಪ್ಪತ್ತರ ದಶಕದ ಕೊನೆಗೆ. ದೇಶವ್ಯಾಪಿ ಪಲ್ಸ್ ಪೋಲಿಯೋ ಆರಂಭವಾದುದು 1995ರಲ್ಲಿ. ಈ ನಡುವಿನ ದಶಕಗಳಲ್ಲಿ ಜ್ವರವೊಂದು ಬಂದು ಹೋದ ಮೇಲೆ ಕಾಲುಗಳ ಬಲ ಕಳೆದುಕೊಂಡ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದರು. ಪೋಲಿಯೋ ಸಾಮಾನ್ಯವಾಗಿ ಬುದ್ಧಿಯನ್ನಾಗಲಿ ಸ್ಪರ್ಶಜ್ಞಾನವನ್ನಾಗಲಿ ಕೆಡಿಸುವುದಿಲ್ಲ. ಬಹುಮಂದಿಗೆ ಕೈಗಳ ಬಲವೂ ಉಳಿದಿರುತ್ತದೆ. ಆದ್ದರಿಂದ ಕ್ಯಾಲಿಪರ್, ಊರುಗೋಲು, ಗಾಲಿಕುರ್ಚಿ ದೊರೆತು ಶಾಲೆಯ ಬಾಗಿಲು ತೆರೆದರೆ ಉಳಿದ ಹಾದಿಯನ್ನು ತಾವೇ ಸವೆಸಬಲ್ಲವರು ಇವರು. ತಡೆಯಾಗಿದ್ದುದು ಹೆಚ್ಚಾಗಿ ಮನೆಯ ಮರುಕ, ಊರಿನ ನಾಚಿಕೆ ಮತ್ತು ಮೆಟ್ಟಿಲುಗಳು.

ಈ ಪೀಳಿಗೆಯ ಸಂಘಟಿತ ಚರಿತ್ರೆ ಬೆಂಗಳೂರಿನಲ್ಲಿ ಆರಂಭವಾಗುವುದು 1959ರಲ್ಲಿ. ಸ್ವತಃ ಪೋಲಿಯೋ ಪೀಡಿತೆಯಾಗಿದ್ದ ಎನ್. ಎಸ್. ಹೇಮಾ ಅವರು ಆ ವರ್ಷ ಕಟ್ಟಿದ ಸಂಸ್ಥೆ ಆರಂಭವಾದುದು ಅಂಗವಿಕಲರ ಒಳಾಂಗಣ ಕ್ರೀಡೆಗಳ ಕೂಟವೊಂದಾಗಿ. ಚಿಕಿತ್ಸಾಲಯವೂ ಅಲ್ಲದ, ಆಶ್ರಮವೂ ಅಲ್ಲದ ಕ್ರೀಡಾಕೂಟವೊಂದು ಮೊದಲ ಹೆಜ್ಜೆಯಾದುದು ಅರ್ಥಪೂರ್ಣ. ಮನೆಯೊಳಗೇ ಉಳಿದಿದ್ದವರಿಗೆ ಹೊರಗೆ ಬರಲು ಕಾರಣವೊಂದು ಬೇಕಾಗಿತ್ತು, ತಮ್ಮಂಥವರನ್ನು ಕಾಣುವ ಸ್ಥಳ ಬೇಕಾಗಿತ್ತು. ಅದೇ ಕೂಟ ಮುಂದೆ ಅಂಗವಿಕಲರ ಸಂಘವಾಗಿ ಬೆಳೆದು, ಲಿಂಗರಾಜಪುರದ ತನ್ನ ನೆಲೆಯಲ್ಲಿ ಶಾಲೆ, ಕೈಗಾರಿಕಾ ತರಬೇತಿ, ಸಲಕರಣೆಗಳ ತಯಾರಿಕೆಗಳನ್ನು ನಡೆಸಿತು. ತೋಟಗಾರಿಕೆಯ ತರಬೇತಿಯನ್ನೂ ಸೇರಿಸಿಕೊಂಡಿತು. ಇಂದಿಗೂ ಅದು ‘ಎಪಿಡಿ’ ಎಂಬ ಹ್ರಸ್ವನಾಮದಿಂದ ಪರಿಚಿತವಾಗಿದೆ. ಅಂಗವಿಕಲ ಮಹಿಳೆಯೊಬ್ಬರೇ ಸ್ಥಾಪಿಸಿ ಮುನ್ನಡೆಸಿದ ಸಂಸ್ಥೆ ಎಂಬುದು ಇದರ ವೈಶಿಷ್ಟ್ಯ.

ಈ ಪೀಳಿಗೆಯ ಬಾಳಿನ ಹಾದಿಯನ್ನು ಮಾಲತಿ ಹೊಳ್ಳ ಅವರ ಜೀವನದಲ್ಲಿ ಸ್ಪಷ್ಟವಾಗಿ ಕಾಣಬಹುದು. 1958ರಲ್ಲಿ ಜನಿಸಿದ ಅವರ ದೇಹವನ್ನು ಹಸುಗೂಸಾಗಿದ್ದಾಗಲೇ ಬಂದ ಜ್ವರ ನಿಶ್ಚಲಗೊಳಿಸಿತು. ಚಿಕಿತ್ಸೆಯಿಂದ ದೇಹದ ಮೇಲ್ಭಾಗಕ್ಕೆ ಬಲ ಮರಳಿತು. ಬಾಲ್ಯದ ಮತ್ತು ಹರೆಯದ ಸುಮಾರು ಹದಿನೈದು ವರ್ಷಗಳು ಮದರಾಸಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆದವು. ಶಸ್ತ್ರಚಿಕಿತ್ಸೆಗಳ ಸಂಖ್ಯೆ ಮೂವತ್ತನ್ನು ಮೀರಿತು. ಮುಂದೆ ಅವರು ಬೆಂಗಳೂರಿನಲ್ಲಿ ಸಿಂಡಿಕೇಟ್ ಬ್ಯಾಂಕಿನ ಉದ್ಯೋಗಿಯಾದರು. ಗಾಲಿಕುರ್ಚಿಯ ಓಟ ಮತ್ತು ಎಸೆತಗಳಲ್ಲಿ ಸ್ಪರ್ಧಿಸಿ 1988ರ ಸೋಲ್ ಪ್ಯಾರಾಲಿಂಪಿಕ್ಸ್ ಮೊದಲುಗೊಂಡು ದೇಶವನ್ನು ಪ್ರತಿನಿಧಿಸಿದರು. 1995ರಲ್ಲಿ ಅರ್ಜುನ ಪ್ರಶಸ್ತಿಯೂ 2001ರಲ್ಲಿ ಪದ್ಮಶ್ರೀಯೂ ದೊರೆತವು. ಅನಂತರ ಗ್ರಾಮಾಂತರದ ಅಂಗವಿಕಲ ಮಕ್ಕಳಿಗಾಗಿ ಮಾತೃ ಪ್ರತಿಷ್ಠಾನವೆಂಬ ನಿಲಯವನ್ನು ತಾವೇ ನಡೆಸಿದರು. ಆಸ್ಪತ್ರೆ, ನೌಕರಿ, ಕ್ರೀಡೆ, ಕೊನೆಗೆ ಇತರರಿಗೆ ಆಸರೆ: ಈ ಕ್ರಮದಲ್ಲಿ ನೌಕರಿಯೇ ತಿರುವಿನ ಘಟ್ಟವಾಗಿರುವುದನ್ನು ಗಮನಿಸಬೇಕು.

ಆ ತಿರುವಿಗೆ ಶಾಸನದ ಬೆಂಬಲವೂ ಇತ್ತು. ಕೇಂದ್ರ ಸರ್ಕಾರವು 1977ರಲ್ಲಿ ತನ್ನ ‘ಸಿ’ ಮತ್ತು ‘ಡಿ’ ವರ್ಗದ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ. 3ರಷ್ಟು ಮೀಸಲಾತಿ ನೀಡಿತು. ವಿಶ್ವಸಂಸ್ಥೆಯು 1981ನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಆಚರಿಸಿತು. 1995ರ ಅಂಗವಿಕಲ ವ್ಯಕ್ತಿಗಳ ಅಧಿನಿಯಮವು 1996ರ ಫೆಬ್ರವರಿಯಿಂದ ಜಾರಿಗೆ ಬಂದು ಮೀಸಲಾತಿಯನ್ನು ಕಾನೂನಿನ ಹಕ್ಕಾಗಿಸಿತು. ಬ್ಯಾಂಕಿನ ಗುಮಾಸ್ತೆ, ದೂರವಾಣಿ ಕಚೇರಿಯ ನೌಕರ, ಶಾಲೆಯ ಅಧ್ಯಾಪಕಿ: ಕರ್ನಾಟಕದಲ್ಲಿ ಯಶಸ್ವಿ ಅಂಗವಿಕಲ ವ್ಯಕ್ತಿ ಎಂದರೆ ಕಣ್ಣಮುಂದೆ ಬರುವ ಚಿತ್ರಗಳು ಇವೇ ಆದವು.

4. ವಿದ್ಯಾರ್ಥಿನಿಲಯ: ಅವಧಿಯುಳ್ಳ ಸ್ವಾತಂತ್ರ್ಯ

ನೌಕರಿಯ ಹಾದಿ ತರಬೇತಿಯ ಮೂಲಕ ಹಾಯುವುದರಿಂದ ವಸತಿಸಹಿತ ಸಂಸ್ಥೆಗಳು ಮುಂದಿನ ಘಟ್ಟದಲ್ಲಿ ಮುಖ್ಯವಾದವು. ಮೈಸೂರಿನಲ್ಲಿ 1991ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವು ಅಂಗವಿಕಲರಿಗೆಂದೇ ಪಾಲಿಟೆಕ್ನಿಕ್ ತೆರೆಯಿತು. ಹಳ್ಳಿಯ ಮನೆಯಲ್ಲಿ ತಾಯಿಯೊ ಅಕ್ಕನೊ ಮಾಡಿಕೊಡುತ್ತಿದ್ದ ಕೆಲಸಗಳನ್ನು ತಾನೇ ಮಾಡಿಕೊಳ್ಳುವುದು, ಹಣವನ್ನು ತಾನೇ ಇಟ್ಟುಕೊಳ್ಳುವುದು, ಪೇಟೆಗೆ ಸ್ನೇಹಿತರೊಡನೆ ಹೋಗಿ ಬರುವುದು: ಇಂತಹ ಪಾಠಗಳು ಪಠ್ಯಕ್ರಮದಲ್ಲಿಲ್ಲದಿದ್ದರೂ ವಸತಿನಿಲಯ ಕಲಿಸುವಂಥವು. ಒಬ್ಬರ ಕೈ ಇನ್ನೊಬ್ಬರಿಗೆ, ಒಬ್ಬರ ಕಾಲು ಮತ್ತೊಬ್ಬರಿಗೆ ಒದಗುವುದರಿಂದ, ನಿಲಯದಲ್ಲಿ ಬೆಂಬಲಿತ ವಾಸದ ಒಂದು ಸಹಜ ರೂಪವೇ ಏರ್ಪಡುತ್ತದೆ.

ಈ ಸಂಗತಿ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲವೆಂಬುದನ್ನು ತೋರಿಸಲು ಗುಜರಾತಿನ ನಿದರ್ಶನವೊಂದನ್ನು ನೋಡಬಹುದು. ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ಅಂಧಜನ ಮಂಡಲವು ದೃಷ್ಟಿಹೀನರಿಗಾಗಿ ಹುಟ್ಟಿದ ಸಂಸ್ಥೆಯಾದರೂ ಇತರ ಅಂಗವಿಕಲರಿಗೂ ತರಬೇತಿಯ ಬಾಗಿಲು ತೆರೆಯಿತು. ಮೆಹಸಾಣಾ ಜಿಲ್ಲೆಯ ಸುಂಢಿಯಾ ಗ್ರಾಮದ, ಒಂದು ವರ್ಷದ ಕೂಸಾಗಿದ್ದಾಗಲೇ ಪೋಲಿಯೋ ಪೀಡಿತೆಯಾದ ಭಾವಿನಾ ಪಟೇಲ್ ಅಲ್ಲಿಗೆ ಬಂದುದು ಕಂಪ್ಯೂಟರ್ ಕಲಿಯಲು. ಟೇಬಲ್ ಟೆನಿಸ್ ಆಟಕ್ಕೆ ಅವರು ತೊಡಗಿದ್ದೂ ಅಲ್ಲಿಯೇ. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಬೆಳ್ಳಿಯ ಪದಕ ಪಡೆದರು. ಬೆಂಗಳೂರಿನಲ್ಲಿ 1959ರಲ್ಲಿ ಆದಂತೆ ಇಲ್ಲಿಯೂ ಒಳಾಂಗಣದ ಆಟವೇ ಹೊರಗಿನ ಬದುಕಿಗೆ ಬಾಗಿಲಾಯಿತು.

ಆದರೆ ನಿಲಯದ ವಾಸಕ್ಕೆ ಅವಧಿಯುಂಟು. ತರಬೇತಿ ಮುಗಿದು ನೌಕರಿ ದೊರೆಯದಿದ್ದರೆ ವಿದ್ಯಾರ್ಥಿಯು ಹಿಂದಿರುಗುವುದು ಅದೇ ಹಳ್ಳಿಯ ಅದೇ ಮನೆಗೆ. ನೌಕರಿ ದೊರೆತರೂ ನಗರದಲ್ಲಿ ಬಾಡಿಗೆಯ ಕೋಣೆ ಹುಡುಕಬೇಕು. ಅಹಮದಾಬಾದಿನ ಪಶ್ಚಿಮದ ಅಂಚಿನ ಬೋಪಾಲ್ ಇದಕ್ಕೆ ಒಳ್ಳೆಯ ಉದಾಹರಣೆ; ಇದು ಮಧ್ಯಪ್ರದೇಶದ ಭೋಪಾಲವಲ್ಲ, 2020ರಲ್ಲಿ ಮಹಾನಗರಪಾಲಿಕೆಯೊಳಗೆ ಸೇರಿದ ಬೋಪಾಲ್-ಘೂಮಾ ಪುರಸಭೆಯ ಭಾಗ. ಇಂತಹ ಹೊಸ ಬಡಾವಣೆಗಳಲ್ಲಿ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವಂತೆಯೇ, ಲಿಫ್ಟ್ ಉಳ್ಳ ಬಹುಮಹಡಿಯ ವಸತಿಗಳು ಎದ್ದಿವೆ. ಲಿಫ್ಟ್ ಇದ್ದಮಾತ್ರಕ್ಕೆ ಅಂತಹ ಮನೆ ಗಾಲಿಕುರ್ಚಿಯಲ್ಲಿರುವವರಿಗೆ ಒದಗುವುದಿಲ್ಲ. ಲಿಫ್ಟಿಗೆ ಮುಂಚಿನ ನಾಲ್ಕು ಮೆಟ್ಟಿಲು, ಸ್ನಾನದ ಮನೆಯ ಕಿರಿದಾದ ಬಾಗಿಲು, ಎತ್ತರದ ಹೊಸ್ತಿಲು ಇವು ಒಬ್ಬ ಸಂಬಳಗಾರನನ್ನು ಪುನಃ ಪರಾಧೀನನನ್ನಾಗಿ ಮಾಡಬಲ್ಲವು. ಕಾನೂನು ಒತ್ತುಕೊಟ್ಟಿರುವುದು ಸಾರ್ವಜನಿಕ ಬಳಕೆಯ ಕಟ್ಟಡ ಮತ್ತು ಸಾರಿಗೆಗೆ. 2011ರ ಅಕ್ಟೋಬರಿನಲ್ಲಿ ಆರಂಭವಾದ ಬೆಂಗಳೂರಿನ ‘ನಮ್ಮ ಮೆಟ್ರೊ’ದ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಮನೆಯ ಶೌಚಾಲಯದವರೆಗೆ ಕಾನೂನಿನ ಕೈ ಚಾಚುವುದಿಲ್ಲ.

5. ಪೋಲಿಯೋದ ಅನಂತರ

ಭಾರತದಲ್ಲಿ ಕೊನೆಯ ಪೋಲಿಯೋ ಪ್ರಕರಣ ವರದಿಯಾದುದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ದೇಶವು ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಹೀಗೆ ಇಂದು ಇಪ್ಪತ್ತರ ಆಸುಪಾಸಿನಲ್ಲಿರುವ ದೈಹಿಕ ಅಂಗವಿಕಲರಲ್ಲಿ ಪೋಲಿಯೋ ಪೀಡಿತರು ವಿರಳ. ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ರಸ್ತೆ ಅಪಘಾತ ಅಥವಾ ಮರದಿಂದ ಬಿದ್ದುದರಿಂದಾದ ಬೆನ್ನುಹುರಿಯ ಪೆಟ್ಟು ಇವುಗಳಿಂದ ಬಾಧಿತರಾದವರು ಈಗ ಮುಂದೆ ಕಾಣಿಸುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಒಟ್ಟು ಸಂಖ್ಯೆ 13.24 ಲಕ್ಷ. ಚಲನೆಯ ವೈಕಲ್ಯವುಳ್ಳವರು ಅದರಲ್ಲಿ ಒಂದು ದೊಡ್ಡ ಪಾಲು.

ಈ ಬದಲಾವಣೆಯ ಪರಿಣಾಮ ಗಂಭೀರವಾದುದು. ಮಿದುಳಿನ ಪಾರ್ಶ್ವವಾಯುವುಳ್ಳ ತರುಣಿ ಸ್ನಾತಕೋತ್ತರ ಪದವಿ ಪಡೆದಿರಬಹುದು. ಆದರೆ ತಲೆ ಬಾಚಿಕೊಳ್ಳಲು ಆಕೆಗೆ ಇನ್ನೊಬ್ಬರು ಬೇಕು. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದ ತರುಣ ಕಂಪ್ಯೂಟರಿನ ಮುಂದೆ ದುಡಿಯಬಲ್ಲ. ಆದರೆ ರಾತ್ರಿ ಮಗ್ಗುಲು ಬದಲಿಸಲು ಅವನಿಗೆ ನೆರವು ಬೇಕು. ಸ್ನಾಯುಕ್ಷಯದಲ್ಲಿ ವಯಸ್ಸು ಬೆಳೆದಂತೆ ಬಲ ಕುಗ್ಗುತ್ತದೆ. ಎಂದರೆ, ಇತರರು ಸ್ವತಂತ್ರರಾಗುವ ವಯಸ್ಸಿನಲ್ಲಿಯೇ ಇವರ ಅವಲಂಬನೆ ಹೆಚ್ಚುತ್ತದೆ. ‘ನೌಕರಿ ಸಿಕ್ಕಿದರೆ ಎಲ್ಲವೂ ಸರಿಹೋಗುತ್ತದೆ’ ಎಂಬ ಪೋಲಿಯೋ ಪೀಳಿಗೆಯ ಸೂತ್ರ ಇಲ್ಲಿ ನಿಲ್ಲುವುದಿಲ್ಲ.

ಮಿದುಳಿನ ಪಾರ್ಶ್ವವಾಯುವುಳ್ಳ ಮಕ್ಕಳಿಗಾಗಿ ದೇಶದ ಮೊದಲ ವಿಶೇಷ ಸಂಸ್ಥೆಯನ್ನು ಮಿಥು ಅಲೂರ್ ಅವರು 1972ರಲ್ಲಿ ಮುಂಬಯಿಯಲ್ಲಿ ಆರಂಭಿಸಿದರು. ಎಂಬತ್ತರ ದಶಕದ ಆದಿಭಾಗದ ಹೊತ್ತಿಗೆ ಬೆಂಗಳೂರಿನಲ್ಲಿ ಕರ್ನಾಟಕ ಸ್ಪಾಸ್ಟಿಕ್ಸ್ ಸೊಸೈಟಿ ಕೆಲಸ ತೊಡಗಿತು. ಇಂತಹ ಸಂಸ್ಥೆಗಳನ್ನು ಸೇರಿದ ಮಕ್ಕಳು ಬೆಳೆದು ಪ್ರಾಯಕ್ಕೆ ಬಂದಾಗ, ‘ನಮ್ಮ ಕಾಲಾನಂತರ ಇವರಿಗೆ ಯಾರು?’ ಎಂಬ ಪ್ರಶ್ನೆ ಪಾಲಕರನ್ನು ಕಾಡತೊಡಗಿತು. ಒಟ್ಟಾಗಿ ಬಾಳುವ ಮನೆಯೊಂದರ ಮಾದರಿ ಬೆಂಗಳೂರಿಗೆ ಅಪರಿಚಿತವೇನೂ ಅಲ್ಲ. ಫ್ರಾನ್ಸಿನಲ್ಲಿ 1964ರಲ್ಲಿ ಹುಟ್ಟಿದ ಲಾರ್ಶ್ ಸಮುದಾಯಗಳ ಭಾರತದ ಮೊದಲ ಶಾಖೆಯಾಗಿ ‘ಆಶಾ ನಿಕೇತನ’ ಇಲ್ಲಿ 1970ರಲ್ಲಿಯೇ ಆರಂಭವಾಗಿತ್ತು. ಆದರೆ ಅದು ಬೌದ್ಧಿಕ ವೈಕಲ್ಯವುಳ್ಳವರಿಗಾಗಿ ಇದ್ದ ಮನೆ. ದೈಹಿಕ ಅಂಗವಿಕಲರ ಸಂಘಟನೆಗಳು ತರಬೇತಿ ಕೇಂದ್ರಗಳನ್ನು ಕಟ್ಟಿದವು. ಇಂತಹ ಮನೆಗಳನ್ನು ಕಟ್ಟುವುದು ಅವುಗಳ ಮುಖ್ಯ ಕಾರ್ಯವಾಗಲಿಲ್ಲ.

ಗ್ರಾಮೀಣ ಪ್ರದೇಶದಲ್ಲಿ ಇದೇ ಪ್ರಶ್ನೆ ತೀವ್ರರೂಪ ತಾಳಿದ್ದು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗಡಿಭಾಗದಲ್ಲಿ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಕನ್ನಡ, ತುಳು, ಮಲಯಾಳಗಳನ್ನಾಡುವ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದ ಹೆಸರು ಇದರಿಂದ ಜಗತ್ತಿಗೆ ತಿಳಿಯಿತು. ಕರ್ನಾಟಕದ ಭಾಗದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಮತ್ತು ಅದರ ಸುತ್ತಣ ಗ್ರಾಮಗಳು ಪೀಡಿತ ಪ್ರದೇಶಗಳೆಂದು ಗುರುತಿಸಲ್ಪಟ್ಟವು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲಿನ ಪಾಲನಾ ಕೇಂದ್ರಗಳು ಆರಂಭವಾದವು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಹುಟ್ಟಿದ ಆ ಮಕ್ಕಳು ಇಂದು ಪ್ರಾಯದವರು. ಎತ್ತಿ ಮಲಗಿಸುವ ತಾಯಂದಿರು ಮುದುಕಿಯರಾಗುತ್ತಿದ್ದಾರೆ. ಹಗಲಿನ ಕೇಂದ್ರ ಸಂಜೆಗೆ ಮುಚ್ಚುತ್ತದೆ. ರಾತ್ರಿಯ ಮನೆ ಯಾವುದು ಎಂಬ ಪ್ರಶ್ನೆ ಪರಿಹಾರಧನದಿಂದ ಮಾತ್ರ ಇತ್ಯರ್ಥವಾಗುವಂಥದಲ್ಲ.

6. ಕಾನೂನಿನ ಮಾತು, ಯೋಜನೆಯ ಮಾತು

ಈ ಪ್ರಶ್ನೆಗೆ ಹೊರಗಿನ ಜಗತ್ತಿನಲ್ಲಿ ದೊರೆತ ಮುಖ್ಯ ಉತ್ತರವೊಂದನ್ನು ಕೊಟ್ಟವರೂ ಪೋಲಿಯೋ ಪೀಳಿಗೆಯವರೇ. ಅಮೆರಿಕದ ಎಡ್ ರಾಬರ್ಟ್ಸ್ (1939–1995) ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೋದಿಂದ ಕುತ್ತಿಗೆಯ ಕೆಳಗಿನ ಬಲವನ್ನು ಕಳೆದುಕೊಂಡು, ರಾತ್ರಿಯನ್ನು ಉಸಿರಾಟದ ಯಂತ್ರದಲ್ಲಿ ಕಳೆಯಬೇಕಾದವರು. 1962ರಲ್ಲಿ ಅವರು ಬರ್ಕ್‌ಲಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ಅವರನ್ನು ಇರಿಸಿದುದು ಅಲ್ಲಿನ ಆಸ್ಪತ್ರೆಯಲ್ಲಿ. ಅವರೂ ಅವರ ಸಂಗಡಿಗರೂ ಸೇರಿ ನಡೆಸಿದ ಹೋರಾಟದ ಫಲವಾಗಿ 1972ರಲ್ಲಿ ಸ್ವತಂತ್ರ ಜೀವನ ಕೇಂದ್ರವೊಂದು ಸ್ಥಾಪಿತವಾಯಿತು. ಸ್ವಾತಂತ್ರ್ಯವೆಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಲ್ಲ, ತನಗೆ ಬೇಕಾದ ಸಹಾಯವನ್ನು ತಾನೇ ನಿರ್ದೇಶಿಸುವುದು ಎಂಬುದು ಆ ಚಳವಳಿಯ ತಿರುಳು. ರಾಬರ್ಟ್ಸ್ ಅವರ ಅಂಗವೈಕಲ್ಯವು ಇನ್ನೊಬ್ಬರ ಕೈಯಿಲ್ಲದೆ ಸಾಗದಂಥದಾಗಿದ್ದುದರಿಂದಲೇ ಈ ವಿಚಾರ ಅಲ್ಲಿ ಬೇಗ ಮೂಡಿತೆನ್ನಬಹುದು.

ಭಾರತದ ಕಾನೂನಿನಲ್ಲಿ ಈ ವಿಚಾರ ಹಂತಹಂತವಾಗಿ ಪ್ರವೇಶಿಸಿತು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರು ತಮ್ಮ ಸಮುದಾಯದೊಳಗೆ ಸಾಧ್ಯವಾದಷ್ಟು ಸ್ವತಂತ್ರವಾಗಿ ಬಾಳುವುದನ್ನು ತನ್ನ ಧ್ಯೇಯವಾಗಿ ಸಾರಿತು. ಬೆನ್ನುಹುರಿಯ ಪೆಟ್ಟು ತಿಂದವರೂ ಸ್ನಾಯುಕ್ಷಯವುಳ್ಳವರೂ ಈ ನಾಲ್ಕು ವರ್ಗಗಳ ಹೊರಗೇ ಉಳಿದರು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು (2006) ಭಾರತವು 2007ರಲ್ಲಿ ಅನುಮೋದಿಸಿತು. ಅದರ 19ನೆಯ ಅನುಚ್ಛೇದ ಸ್ವತಂತ್ರ ಜೀವನವನ್ನು ಹಕ್ಕಾಗಿ ಹೇಳುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 5ನೆಯ ಪ್ರಕರಣದಂತೆ, ಅಂಗವಿಕಲ ವ್ಯಕ್ತಿಯನ್ನು ಯಾವುದೇ ಒಂದು ಬಗೆಯ ವಸತಿಯಲ್ಲಿಯೇ ಇರುವಂತೆ ಬಲವಂತಪಡಿಸಬಾರದು. ವೈಯಕ್ತಿಕ ಸಹಾಯವೂ ಸೇರಿದಂತೆ ಸಮುದಾಯದ ಬೆಂಬಲ ಸೇವೆಗಳು ಅವರಿಗೆ ದೊರೆಯಬೇಕು. ಹೆಚ್ಚಿನ ಬೆಂಬಲದ ಅಗತ್ಯವುಳ್ಳವರು ಅದಕ್ಕಾಗಿ ಅರ್ಜಿ ಸಲ್ಲಿಸಲು 38ನೆಯ ಪ್ರಕರಣ ಅವಕಾಶ ನೀಡಿದೆ. ಅಧಿನಿಯಮವು ಗುರುತಿಸಿದ 21 ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಸೇರಿದೆ.

ಈ ಕಾನೂನಿನ ಪಕ್ಕದಲ್ಲಿ ರಾಜ್ಯದ ಯೋಜನೆಗಳನ್ನಿಟ್ಟು ನೋಡಿದರೆ ಎರಡರ ಅಂತರ ತಿಳಿಯುತ್ತದೆ. ಸ್ವಯಂ ಉದ್ಯೋಗಕ್ಕೆ ಸಾಲ ಸಹಾಯ ನೀಡುವ ಯೋಜನೆಯ ಹೆಸರು ‘ಆಧಾರ’. ಆಧಾರವೆಂದರೆ ಅಂಗಡಿ ಇಡಲು ಬಂಡವಾಳ ಎಂದು ಅರ್ಥ. ಯಂತ್ರಚಾಲಿತ ವಾಹನವನ್ನು ನೀಡುವ ಯೋಜನೆಯಿದೆ. ಅದನ್ನು ಓಡಿಸಲು ಕೈಗಳಲ್ಲಿ ಬಲವಿರಬೇಕು. ಅಂಗವಿಕಲರನ್ನು ವರಿಸುವ ಅಂಗವಿಕಲರಲ್ಲದವರಿಗೆ 50,000 ರೂಪಾಯಿಗಳ ಪ್ರೋತ್ಸಾಹಧನವಿದೆ. ಬೆಂಬಲವು ವಿವಾಹದ ಮೂಲಕ, ಕುಟುಂಬದ ಒಳಗಿನಿಂದಲೇ ಬರಬೇಕೆಂಬ ಗ್ರಹಿಕೆ ಇದರ ಹಿಂದಿದೆ. ಗ್ರಾಮ ಪಂಚಾಯತಿಗೊಬ್ಬರಂತೆ ಅಂಗವಿಕಲರನ್ನೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನಾಗಿ ಗೌರವಧನದ ಮೇಲೆ ನೇಮಿಸಿರುವುದು ಕರ್ನಾಟಕದ ಪ್ರಶಂಸನೀಯ ಪ್ರಯೋಗ. ಆದರೆ ಅವರ ಕೆಲಸ ಪ್ರಮಾಣಪತ್ರ, ಮಾಸಾಶನ, ಸಲಕರಣೆಗಳನ್ನು ಕೊಡಿಸುವುದು. ಮನೆಯೊಳಗಿನ ಸಹಾಯ ಅದರಲ್ಲಿ ಸೇರಿಲ್ಲ.

2024-25ರ ರಾಜ್ಯ ಆಯವ್ಯಯದಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ ಮುಂತಾದವುಗಳಿಂದ ಬಾಧಿತರಾದವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ನೀಡುವ ಯೋಜನೆ ಪ್ರಕಟವಾಯಿತು. ಆರೈಕೆಯೂ ಒಂದು ದುಡಿಮೆಯೆಂದು ರಾಜ್ಯವು ಒಪ್ಪಿಕೊಂಡುದು ಚರಿತ್ರೆಯ ದೃಷ್ಟಿಯಿಂದ ಮಹತ್ತ್ವದ ಸಂಗತಿ. ಆದರೆ ಈ ಮೊತ್ತದಿಂದ ಹೊರಗಿನ ಸಹಾಯಕರನ್ನು ನೇಮಿಸಿಕೊಳ್ಳಲಾಗದು. ಮನೆಯ ತಾಯಿ ಅಥವಾ ಅಕ್ಕ ಅದೇ ಕೆಲಸವನ್ನು ಮುಂದುವರಿಸುತ್ತಾಳೆ. ಹಣ ಸಲ್ಲುವುದು ಆರೈಕೆ ಮಾಡುವವರಿಗೆ. ಆರೈಕೆ ಪಡೆಯುವ ಯುವಕ ಯುವತಿಯರ ಕೈಯಲ್ಲಿ ಆಯ್ಕೆ ಬರುವುದಿಲ್ಲ. ಸ್ತ್ರೀಯರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮವಾದುದು. ಸ್ನಾನ, ಶೌಚ, ಉಡುಪುಗಳ ಕೆಲಸದಲ್ಲಿ ಯಾರು ತನ್ನ ಮೈ ಮುಟ್ಟಬಹುದೆಂಬುದನ್ನು ನಿರ್ಧರಿಸುವ ಅಧಿಕಾರವಿಲ್ಲದಿದ್ದರೆ ಪದವಿಯಿಂದಾಗಲಿ ಸಂಬಳದಿಂದಾಗಲಿ ಆಕೆ ಸ್ವತಂತ್ರಳಾಗುವುದಿಲ್ಲ. ಕೇಂದ್ರದ ಅಧಿನಿಯಮವು ಬೆಂಬಲ ಸೇವೆಯ ಸಂದರ್ಭದಲ್ಲಿ ವಯಸ್ಸು ಮತ್ತು ಲಿಂಗಗಳನ್ನು ಗಮನಿಸಬೇಕೆಂದು ಹೇಳಿರುವುದು ಇದಕ್ಕಾಗಿಯೇ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. 1959ರಿಂದ ಸುಮಾರು ನಾಲ್ಕು ದಶಕಗಳ ಕಾಲ ಕರ್ನಾಟಕದ ದೈಹಿಕ ಅಂಗವಿಕಲರು ಮನೆಯಿಂದ ಹೊರಬರುವ ಹೋರಾಟ ನಡೆಸಿದರು. ಶಾಲೆ, ನೌಕರಿ, ವಾಹನ, ಕ್ರೀಡೆಗಳ ಮೂಲಕ ಅದರಲ್ಲಿ ಬಹುಮಟ್ಟಿಗೆ ಗೆದ್ದರು. ಆ ಗೆಲುವನ್ನು ಯಾವ ರೀತಿಯಲ್ಲಿಯೂ ಕಡಿಮೆಯೆನ್ನಲಾಗದು. ಇಂದಿನವರ ಬೇಡಿಕೆಗಳಿಗೆ ನೆಲೆ ಒದಗಿಸಿದುದೇ ಅದು. ಆದರೆ ಹೊರಗೆ ಹೋಗುವುದು ಒಂದು ಪ್ರಶ್ನೆಯಾದರೆ, ಸಂಜೆ ಹಿಂದಿರುಗಲು ತನ್ನದೆನ್ನುವ ಮನೆಯಿರುವುದು, ಅಲ್ಲಿ ತನ್ನ ಇಚ್ಛೆಯಂತೆ ಸಹಾಯ ದೊರೆಯುವುದು ಇನ್ನೊಂದು ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಅನ್ವಯಿಸಿದ್ದರಿಂದ, ಕೂಡುಕುಟುಂಬ ಕರಗಿ, ತಾಯಿತಂದೆಯರು ಮುಪ್ಪಾಗುತ್ತಿರುವ ಈ ಕಾಲದಲ್ಲಿ ಕಾನೂನು ಒಪ್ಪಿರುವ ಹಕ್ಕಿಗೂ ಮನೆಯೊಳಗಿನ ವಾಸ್ತವಕ್ಕೂ ನಡುವೆ ದೊಡ್ಡ ಕಂದಕ ಉಳಿದಿದೆ.

ಈ ವಿಷಯದಲ್ಲಿ ಸಂಶೋಧಕರಿಗೆ ಎರಡು ಕೆಲಸಗಳು ಕಾದಿವೆ. ಹೊರನಾಡಿನಲ್ಲಿರುವ ವಿದ್ವಾಂಸರಿಗೂ ಅವು ಸಲ್ಲುತ್ತವೆ. ಒಂದು, ಪೋಲಿಯೋ ಪೀಳಿಗೆಯ ಹಿರಿಯರ ನೆನಪುಗಳನ್ನು ಅವರು ಇರುವಾಗಲೇ ದಾಖಲಿಸುವುದು. ಅಂಗವಿಕಲರ ಸಂಘಗಳ ವರದಿಗಳು ಕಟ್ಟಡ, ತರಬೇತಿ ಮತ್ತು ನೌಕರಿಗಳ ಲೆಕ್ಕ ಹೇಳುತ್ತವೆ; ಬಾಡಿಗೆಯ ಕೋಣೆಯಲ್ಲಿ ನೀರು ಯಾರು ತಂದರು, ಮದುವೆಯಾಗದ ಅಕ್ಕ ಎಷ್ಟು ವರ್ಷ ಊಟ ಬಡಿಸಿದಳು ಎಂಬುದು ಅವರ ನೆನಪಿನಲ್ಲಿ ಮಾತ್ರ ಉಂಟು. ಇನ್ನೊಂದು, ಬೆಂಬಲಿತ ವಾಸದ ಪ್ರಯತ್ನಗಳನ್ನು ಕರ್ನಾಟಕ, ಕಾಸರಗೋಡು ಮತ್ತು ಗುಜರಾತಿನಂತಹ ಇತರ ಪ್ರದೇಶಗಳಲ್ಲಿ ತೌಲನಿಕವಾಗಿ ಅಧ್ಯಯನ ಮಾಡುವುದು.

ಕೊನೆಯದಾಗಿ ಭಾಷೆಯ ಮಾತು. ‘ತನ್ನ ಕಾಲ ಮೇಲೆ ತಾನು ನಿಲ್ಲುವುದು’ ಎಂಬ ನುಡಿಗಟ್ಟನ್ನು ಕನ್ನಡದಿಂದ ತೆಗೆದುಹಾಕುವ ಅಗತ್ಯವೇನೂ ಇಲ್ಲ. ಅದರ ಜೊತೆಗೆ, ಕುರುಡನ ಹೆಗಲೇರಿದ ಕುಂಟನ ಹಳೆಯ ಕಥೆಯನ್ನೂ ನೆನಪಿಟ್ಟುಕೊಂಡರೆ ಸಾಕು. ಆ ಕಥೆಯಲ್ಲಿ ನಡೆಯಲಾರದವನು ತನ್ನ ಕಾಲ ಮೇಲೆ ನಿಂತಿಲ್ಲ. ಆದರೂ ಯಾವ ಊರಿಗೆ ಹೋಗಬೇಕೆಂಬುದನ್ನು, ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಹೇಳುವವನು ಅವನೇ. ಸ್ವತಂತ್ರ ಜೀವನವೆಂಬುದಕ್ಕೆ ಇಂದಿನ ಕಾನೂನು ಕೊಟ್ಟಿರುವ ಅರ್ಥವೂ ಇದಕ್ಕಿಂತ ಬೇರೆಯಲ್ಲ.